ಅಪ್ಪ ಫ್ಯಾನ್ ಬಂದ್ ಮಾಡಿದ ಮಧ್ಯಾಹ್ನ

ಕರೆಂಟ್ ಬಿಲ್ ಬರುವ ದಿನ ನಮ್ಮ ಅಪ್ಪನಿಗೆ ಒಂದು ಸಣ್ಣ ಹಬ್ಬ. ಮೀಟರ್ ನೋಡುವವರ ಬೈಕ್ ಗೇಟಿನ ಹತ್ತಿರ ನಿಂತ ಸದ್ದು ಕೇಳಿದರೆ ಸಾಕು, ಪೇಪರ್ ಮಡಚಿಟ್ಟು ಎದ್ದು ಹೋಗುತ್ತಾರೆ. ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ ಇದೆಯಾ ಎಂದು ಕನ್ನಡಕ ಏರಿಸಿ ನೋಡಿ, ಅಮ್ಮನಿಗೂ ತೋರಿಸಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ ಸಿಕ್ಕಿಸಿದರೆ ಆ ತಿಂಗಳ ಲೆಕ್ಕ ಚುಕ್ತಾ. 2023ರ ಜುಲೈಯಲ್ಲಿ ಗೃಹಜ್ಯೋತಿ ಶುರುವಾದ ಮೇಲೆ ಬನ್ನಂಜೆಯ ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಕ್ರಮ ಇದು.

ಈ ಬೇಸಿಗೆಯಲ್ಲಿ, ಏಪ್ರಿಲ್ ಮೊದಲ ವಾರ ಬಂದ ಬಿಲ್ಲಿನಲ್ಲಿ ಸೊನ್ನೆ ಇರಲಿಲ್ಲ. 231 ಯೂನಿಟ್, ಎರಡು ಸಾವಿರ ರೂಪಾಯಿಯ ಹತ್ತಿರ ಹತ್ತಿರ. ಅಪ್ಪ ಎಂತದೂ ಹೇಳಲಿಲ್ಲ. ಬಿಲ್ಲನ್ನು ಮೊಳೆಗೂ ಸಿಕ್ಕಿಸಲಿಲ್ಲ. ಮಡಚಿ ಕಿಸೆಗೆ ಹಾಕಿಕೊಂಡರು.

ಕಾರಣ ನಾನೇ. ಫೆಬ್ರವರಿ ಕೊನೆಗೆ ಬೆಂಗಳೂರಿನ ರೂಮ್ ಖಾಲಿ ಮಾಡಿ ಊರಿಗೆ ಬಂದಿದ್ದೆ. ಕಂಪನಿ ಮನೆಯಿಂದಲೇ ಕೆಲಸ ಮಾಡಲು ಒಪ್ಪಿತ್ತು. ಮಹಡಿಯ ಕೋಣೆಯಲ್ಲಿ ಎರಡು ಮಾನಿಟರ್, ಒಂದು ಲ್ಯಾಪ್‌ಟಾಪ್, ಮಾರ್ಚ್‌ನಲ್ಲಿ ಹೊಸದೊಂದು ಎಸಿ. ಉಡುಪಿಯ ಮಾರ್ಚ್-ಏಪ್ರಿಲ್ ಗೊತ್ತಿದ್ದವರಿಗೆ ನಾನು ವಿವರಿಸಬೇಕಾಗಿಲ್ಲ. ಸ್ನಾನ ಮಾಡಿ ಟವೆಲ್ ಒಣಗಲು ಹಾಕುವಷ್ಟರಲ್ಲಿ ಮತ್ತೆ ಬೆವರಿರುತ್ತೇವೆ.

ಗೃಹಜ್ಯೋತಿಯ ಲೆಕ್ಕ ಬಹಳ ಜನರಿಗೆ ಅರ್ಧ ಮಾತ್ರ ಗೊತ್ತು. ತಿಂಗಳಿಗೆ 200 ಯೂನಿಟ್ ಎಲ್ಲರಿಗೂ ಉಚಿತ ಅಂತ ಅಲ್ಲ. ನಮ್ಮಂಥ ಮನೆಗೆ 2022-23ರಲ್ಲಿ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಮಿತಿ. ಆಗ ಮನೆಯಲ್ಲಿ ಇದ್ದದ್ದು ಅಪ್ಪ-ಅಮ್ಮ ಇಬ್ಬರೇ, ಸರಾಸರಿ 92 ಯೂನಿಟ್. ಹಾಗಾಗಿ ನಮ್ಮ ಮಿತಿ 101. ಮಿತಿ ದಾಟಿದರೆ ಹೆಚ್ಚಾದ ಯೂನಿಟ್‌ಗಳಿಗೆ ದುಡ್ಡು ಕೊಡಬೇಕು. 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಅಂದರೆ 199ಕ್ಕೂ 201ಕ್ಕೂ ನಡುವೆ ಇರುವುದು ಎರಡು ಯೂನಿಟ್ ಅಲ್ಲ, ಒಂದು ಕಂದಕ. ನಾನು ಎಸಿ ಹಾಕಿ ಮನೆಯವರನ್ನೆಲ್ಲ ಆ ಕಂದಕಕ್ಕೆ ಬೀಳಿಸಿದ್ದೆ.

“ದುಡ್ಡು ನಾನು ಕಟ್ತೇನೆ ಅಪ್ಪ, ಮಂಡೆಬಿಸಿ ಮಾಡ್ಬೇಡಿ” ಅಂದೆ. ಫೋನ್ ತೆಗೆದು ಎರಡು ನಿಮಿಷದಲ್ಲಿ ಕಟ್ಟಿಯೂ ಆಯಿತು. ನನ್ನ ಪಾಲಿಗೆ ವಿಷಯ ಮುಗಿಯಿತು.

ವಿಷು ಕಳೆದು ಎರಡು ದಿನ. ಮಧ್ಯಾಹ್ನ ಎರಡೂವರೆ. ನಾನು ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದೆ, ಎಸಿ ಇದೆ ಅಂತ ಬಾಗಿಲೂ ಮುಚ್ಚಿತ್ತು. ಅಮ್ಮ ಕೆಳಗಿನಿಂದ ಮೂರು ಸಲ ಕರೆದದ್ದು ಕೇಳಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಾಗಲೇ ಗೊತ್ತಾದದ್ದು. ಚಾವಡಿಯ ಕುರ್ಚಿಯಲ್ಲಿ ಅಪ್ಪ ಒಂದು ಬದಿಗೆ ವಾಲಿದ್ದರು. ಬನಿಯನ್ ಒದ್ದೆ, ಮುಖ ಬಿಳಿಚಿಕೊಂಡಿತ್ತು. ಎಪ್ಪತ್ತು ದಾಟಿದ ಜೀವ, ಬಿಪಿ ಮಾತ್ರೆ ಬೇರೆ. ರಿಕ್ಷಾ ಹಿಡಿದು ಡಾಕ್ಟರ ಹತ್ತಿರ ಹೋದೆವು. ಸೆಕೆಗೆ ನೀರಿನಂಶ ಕಡಿಮೆಯಾಗಿ ತಲೆ ತಿರುಗಿದೆ, ಹೆದರುವಂಥದ್ದೇನಿಲ್ಲ, ಆದರೆ ಇನ್ನು ಹೀಗಾಗಬಾರದು ಅಂದರು.

ಮನೆಗೆ ಬಂದು ಅಪ್ಪನನ್ನು ಮಲಗಿಸಿ ಫ್ಯಾನ್ ಹಾಕಿದಾಗ ಅಮ್ಮ ಬಾಯಿ ಬಿಟ್ಟರು. “ಒಂದು ವಾರದಿಂದ ಮಧ್ಯಾಹ್ನ ಫ್ಯಾನೇ ಹಾಕುದಿಲ್ಲ ಇವ್ರು. ಕೇಳಿದ್ರೆ ಯೂನಿಟ್ ಉಳಿಸ್ಲಿಕ್ಕೆ ಅಂತೆ. ರಾತ್ರಿ ಫ್ರಿಜ್ ಸಹ ಬಂದ್ ಮಾಡ್ತಾರೆ. ನಿನ್ನೆ ದೋಸೆ ಹಿಟ್ಟು ಹುಳಿ ಬಂದದ್ದು ಮತ್ತೆಂತಕ್ಕೆ?”

ನಾನು ಅಪ್ಪನ ಮುಖ ನೋಡಿದೆ. ಅವರು ಗೋಡೆ ನೋಡಿಕೊಂಡು, “ಇನ್ನೂರು ದಾಟದಿದ್ರೆ ಆಯ್ತಲ್ಲ ಮಾರಾಯ. ನಿನ್ನ ಕೆಲಸಕ್ಕೆ ಎಸಿ ಬೇಕು. ನನಗೆಂತಕ್ಕೆ?” ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನಮ್ಮ ಚಾವಡಿಯದು 75 ವಾಟ್‌ನ ಹಳೆ ಫ್ಯಾನ್. ಹನ್ನೆರಡು ಗಂಟೆ ತಿರುಗಿದರೂ ಒಂದು ಯೂನಿಟ್ ಆಗುವುದಿಲ್ಲ, 0.9. ನನ್ನ ಎಸಿ ಅಷ್ಟನ್ನು ಒಂದು ಗಂಟೆಯೊಳಗೆ ಕುಡಿದು ಮುಗಿಸುತ್ತದೆ. ಒಂದು ದಿನಪೂರ್ತಿ ಬೆವರಿ ಅಪ್ಪ ಉಳಿಸಿದ್ದನ್ನು ನಾನು ಒಂದು ಮೀಟಿಂಗ್‌ನಲ್ಲಿ ಖರ್ಚು ಮಾಡುತ್ತಿದ್ದೆ.

ಉಳಿತಾಯ ಅಂದ ಕೂಡಲೇ ನಮ್ಮ ಹಿರಿಯರಿಗೆ ಹೊಳೆಯುವುದು ತಮ್ಮ ಬಾಯಿಯದ್ದು ಬಿಡುವುದು. ನಮಗೆ ಹೊಳೆಯುವುದು ಫೋನ್ ತೆಗೆದು ಕಟ್ಟಿಬಿಡುವುದು. ಎರಡರಲ್ಲೂ ಕರೆಂಟ್ ಎಲ್ಲಿ ಹೋಗುತ್ತಿದೆ ಎಂದು ನೋಡುವವರು ಯಾರೂ ಇಲ್ಲ.

ಅದನ್ನೇ ನೋಡಿದೆ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರ್ ತರಿಸಿ ಸಿಕ್ಕಿದ್ದನ್ನೆಲ್ಲ ಅಳೆದೆ, ಪ್ಲಗ್ ಇಲ್ಲದ್ದಕ್ಕೆ ವಾಟ್ ನೋಡಿ ಲೆಕ್ಕ ಹಾಕಿದೆ. ತಿಂಗಳಿಗೆ ಎಸಿ ಸುಮಾರು 85 ಯೂನಿಟ್. ಎರಡನೇ ಸ್ಥಾನದಲ್ಲಿ ಇದ್ದದ್ದು ಯಾರೂ ಎಣಿಸದ ನಾಲ್ಕು ಫ್ಯಾನ್‌ಗಳು, ಒಟ್ಟು 63. ಫ್ರಿಜ್ 30, ಬಾವಿಯ ಪಂಪ್ 22, ಗೀಸರ್ 15, ಉಳಿದದ್ದು ಚಿಲ್ಲರೆ. ಅಮ್ಮನ ಫ್ರಿಜ್ ನಿರಪರಾಧಿ. ರಾತ್ರಿ ಅದನ್ನು ಬಂದ್ ಮಾಡಿದರೆ ಬೆಳಿಗ್ಗೆ ಮತ್ತೆ ತಣ್ಣಗಾಗಲು ಹೆಚ್ಚುಕಮ್ಮಿ ಅಷ್ಟೇ ಕರೆಂಟ್ ಬೇಕು. ಉಳಿಯುವುದು ಹುಳಿ ಹಿಟ್ಟು ಮಾತ್ರ.

ನಾಲ್ಕೂ ಫ್ಯಾನ್ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ. ಅದೇ ಗಾಳಿಗೆ 75 ವಾಟ್ ಬದಲು 30ರ ಆಸುಪಾಸು. ಹನ್ನೊಂದು ಸಾವಿರ ಖರ್ಚಾಯಿತು, ತಿಂಗಳಿಗೆ 38 ಯೂನಿಟ್ ಇಳಿಯಿತು. ಎಸಿಯನ್ನು 24ರಿಂದ 27ಕ್ಕೆ ಏರಿಸಿ ಅದರ ಜೊತೆ ಫ್ಯಾನ್ ಹಾಕಿಕೊಂಡೆ, ವ್ಯತ್ಯಾಸ ಗೊತ್ತೇ ಆಗಲಿಲ್ಲ. ಗೀಸರ್‌ನ ಕೆಲಸವನ್ನು ಅಮ್ಮ ಬಚ್ಚಲಿನ ಹಳೆ ಹಂಡೆಗೆ ಒಪ್ಪಿಸಿದರು. ಹಿತ್ತಲಿನಲ್ಲಿ ಒಣ ಮಡಲಿಗೂ ಸಿಪ್ಪೆಗೂ ಬರ ಇರಲಿಲ್ಲ. ಜೂನ್ ಮೊದಲ ವಾರದ ಬಿಲ್ 158 ಯೂನಿಟ್. ಮಿತಿಯ ಮೇಲಿನ 57 ಯೂನಿಟ್‌ಗೆ ನಾನೂರು ರೂಪಾಯಿಯೊಳಗೆ ಕೊಟ್ಟೆವು. ಸೊನ್ನೆ ಅಲ್ಲ, ಆದರೂ ಅಪ್ಪ ಮೊಳೆಗೆ ಸಿಕ್ಕಿಸಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಳೆಯುವ ಚಟ ಹಿಡಿದ ಇಂಜಿನಿಯರ್ ಸುಮ್ಮನೆ ಕೂರುವುದಿಲ್ಲ. ಎಷ್ಟು ಬಳಸುತ್ತೇವೆ ಎಂದು ನೋಡಿಯಾಯಿತು, ಯಾವ ಹೊತ್ತಿಗೆ ಬಳಸುತ್ತೇವೆ ಎಂದು ನೋಡಿದರೆ? ಸಂಜೆ ಆರರಿಂದ ಹತ್ತರ ಒಳಗೆ ನಮ್ಮ ಮನೆಯಲ್ಲಿ ಎಲ್ಲವೂ ಒಟ್ಟಿಗೆ ಓಡುತ್ತಿತ್ತು. ಪಂಪ್, ವಾಷಿಂಗ್ ಮೆಷಿನ್, ಮರುದಿನದ ದೋಸೆಗೆ ಗ್ರೈಂಡರ್, ನನ್ನ ಎಲೆಕ್ಟ್ರಿಕ್ ಸ್ಕೂಟರ್, ಟೀವಿ. ಪಕ್ಕದ ಮನೆಯಲ್ಲೂ ಹಾಗೆಯೇ. ರಾಜ್ಯದ ತುಂಬ ಹಾಗೆಯೇ.

ಆ ಹೊತ್ತಿಗೆ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಯೋಚಿಸಿ. ಮಧ್ಯಾಹ್ನ ಹನ್ನೆರಡಕ್ಕೆ ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್ ಸಾಮರ್ಥ್ಯದ್ದು, ಬಿಸಿಲಿಗೆ ಬಿಲ್ ಇಲ್ಲ. ಒಟ್ಟು ಬೇಡಿಕೆ ಹಗಲಲ್ಲೇ ಹೆಚ್ಚಿರುವ ದಿನಗಳೂ ಈಗ ಇವೆ, ಆದರೂ ಆ ಹೊತ್ತಿಗೆ ಬಿಸಿಲು ಜೊತೆಗಿರುತ್ತದೆ. ಮಲ್ಪೆಯಲ್ಲಿ ಸೂರ್ಯ ಮುಳುಗುವುದನ್ನು ನಾವು ಫೋಟೋ ಹೊಡೆದುಕೊಳ್ಳುವ ಹೊತ್ತಿಗೆ ಗ್ರಿಡ್ ನೋಡಿಕೊಳ್ಳುವವರ ಕಷ್ಟ ಶುರು. ಸೋಲಾರ್ ಇಳಿಯುತ್ತದೆ, ಮನೆಗಳ ದೀಪ ಹತ್ತುತ್ತವೆ. ಆಗ ನಮ್ಮ ಜಿಲ್ಲೆಯ ಹೊಸಂಗಡಿಯಲ್ಲಿ ನೆಲದೊಳಗಿರುವ 460 ಮೆಗಾವಾಟ್‌ನ ವಾರಾಹಿ ವಿದ್ಯುದಾಗಾರದಂಥವು ಕೈಹಿಡಿಯುತ್ತವೆ. ನೀರು ಬಿಟ್ಟರೆ ನಿಮಿಷಗಳಲ್ಲಿ ಕರೆಂಟ್. ಆದರೆ ನೀರು ಇರಬೇಕಲ್ಲ? ಎಲ್ಲೂರಿನ 1,200 ಮೆಗಾವಾಟ್ ಸ್ಥಾವರ ಹಡಗಿನಲ್ಲಿ ಬಂದ ಕಲ್ಲಿದ್ದಲು ಸುಡುತ್ತದೆ. ಬಾಯ್ಲರ್ ಕಾಯಿಸುವುದು ಸ್ವಿಚ್ ಹಾಕಿದ ಹಾಗಲ್ಲ. ಇವಿಷ್ಟೂ ಸಾಲದಿದ್ದರೆ ಪೇಟೆಯಿಂದ ಕೊಳ್ಳಬೇಕು. ವಿದ್ಯುತ್ ವಿನಿಮಯ ಪೇಟೆಯಲ್ಲಿ ಮಧ್ಯಾಹ್ನ ಎರಡು-ಮೂರು ರೂಪಾಯಿಗೆ ಸಿಗುವ ಯೂನಿಟ್, ಬೇಸಿಗೆಯ ಕೆಲವು ಸಂಜೆ ಗರಿಷ್ಠ ಮಿತಿಯಾದ 10 ರೂಪಾಯಿ ಮುಟ್ಟಿದ್ದುಂಟು. ಮಳೆ ಕೈಕೊಟ್ಟ 2023ರಲ್ಲಿ ನಮ್ಮ ರಾಜ್ಯ ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ಕರೆಂಟ್ ಕಡ ತಂದಿತ್ತು, ಪಕ್ಕದ ಮನೆಯಿಂದ ಸಕ್ಕರೆ ಕಡ ತಂದ ಹಾಗೆ. ಆಮೇಲೆ ಹಿಂದೆ ಕೊಡುವ ಕರಾರು.

ಈ ದುಬಾರಿ ಸಂಜೆಯ ಖರ್ಚು ಎಲ್ಲಿಗೆ ಹೋಗುತ್ತದೆ? ನಿಮ್ಮ ಬಿಲ್ಲನ್ನೇ ನೋಡಿ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಒಂದು ಸಾಲು ಇರುತ್ತದೆ. ಕೊಂಡ ಕರೆಂಟಿಗೆ ಅಂದಾಜಿಗಿಂತ ಹೆಚ್ಚು ತೆತ್ತದ್ದು ಆ ದಾರಿಯಲ್ಲಿ ನಮ್ಮ ಹತ್ತಿರವೇ ಬರುತ್ತದೆ. ಸಂಜೆ ಏನೂ ಬಳಸದ ಮನೆಯವರೂ ಅದನ್ನು ಹಂಚಿಕೊಳ್ಳುತ್ತಾರೆ. ಸೊನ್ನೆ ಬಿಲ್ ಬರುವ ಮನೆಯ ಪಾಲನ್ನು ಸರಕಾರ ಕೊಡುತ್ತದೆ, ಅಂದರೆ ತೆರಿಗೆಯಾಗಿ ಮತ್ತೆ ನಾವೇ.

ಇದಕ್ಕೆ ಮದ್ದು ಬೇಡಿಕೆಯನ್ನೇ ಸ್ವಲ್ಪ ಆಚೆ ತಳ್ಳುವುದು. ನಮ್ಮ ಭಾಷೆಯಲ್ಲಿ, ಡಿಮ್ಯಾಂಡ್ ರೆಸ್ಪಾನ್ಸ್. ಗ್ರಿಡ್‌ಗೆ ಕಷ್ಟವಾದಾಗ ಬಳಕೆದಾರರು ತಾವಾಗಿ ಕಡಿಮೆ ಮಾಡುವುದು, ಹಾಗೆ ಮಾಡಿದವರಿಗೆ ಲಾಭ ಸಿಗುವುದು. ಕ್ಯಾಲಿಫೋರ್ನಿಯಾದಲ್ಲಿ 2022ರ ಸೆಪ್ಟೆಂಬರ್ 6ರ ಸಂಜೆ ಸುಡು ಸೆಕೆಗೆ ಗ್ರಿಡ್ ಬೀಳುವ ಹಾಗಾಗಿತ್ತು. ಸರಕಾರ ಜನರ ಫೋನ್‌ಗಳಿಗೆ ಒಂದು ಸಂದೇಶ ಕಳಿಸಿತು, ಬೇಡದ್ದನ್ನು ಆರಿಸಿ ಅಂತ. ಕೆಲವೇ ನಿಮಿಷಗಳಲ್ಲಿ ಸಾವಿರ ಮೆಗಾವಾಟ್‌ಗಿಂತ ಹೆಚ್ಚು ಬೇಡಿಕೆ ಇಳಿಯಿತು. ಹೆಚ್ಚುಕಮ್ಮಿ ನಮ್ಮ ಎಲ್ಲೂರಿನ ಇಡೀ ಸ್ಥಾವರದಷ್ಟು. ಕರೆಂಟ್ ಹೋಗಲಿಲ್ಲ.

ಅಷ್ಟು ದೂರ ಯಾಕೆ, ಮಲ್ಪೆಗೆ ಬನ್ನಿ. ನನ್ನ ಕ್ಲಾಸ್‌ಮೇಟ್ ಒಬ್ಬನ ಮನೆಯವರದ್ದು ಅಲ್ಲಿ ಐಸ್ ಪ್ಲಾಂಟ್. ನಾನು ಈ ಹೊಸ ಜ್ಞಾನವನ್ನೆಲ್ಲ ಅವನಿಗೆ ಹೇಳಲು ಹೋದೆ. ನಕ್ಕ. “ನಾವು ಸಂಜೆ ಕಂಪ್ರೆಸರ್ ಆದಷ್ಟು ನಿಲ್ಲಿಸುದು, ರಾತ್ರಿ ಹತ್ತರ ಮೇಲೆ ಓಡ್ಸುದು. ಉಪ್ಪುನೀರಿನ ಟ್ಯಾಂಕ್ ಒಮ್ಮೆ ತಣ್ಣಗಾದ್ರೆ ನಾಲ್ಕು ಗಂಟೆ ತಡೀತದೆ. ಬೋಟಿನವರು ಬರುವಾಗ ಐಸ್ ರೆಡಿ ಇದ್ರೆ ಸಾಕಲ್ಲ? ಅದು ಯಾವ ಹೊತ್ತಿಗೆ ಆದದ್ದು ಅಂತ ಮೀನು ಕೇಳುದಿಲ್ಲ.” ದೊಡ್ಡ ಉದ್ದಿಮೆಗಳಿಗೆ ನಮ್ಮ ರಾಜ್ಯದಲ್ಲಿ ಎಷ್ಟೋ ವರ್ಷಗಳಿಂದ ಹೊತ್ತಿಗೊಂದು ದರ ಇದೆ. ಸಂಜೆಯ ಹೊತ್ತಿಗೆ ಯೂನಿಟ್‌ಗೆ ದರ ಹೆಚ್ಚು. ಅವನಿಗೆ ಐಸ್ ಅಂದರೆ ಕರೆಂಟನ್ನು ಕೂಡಿಡುವ ಡಬ್ಬಿ.

ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದೆ. ಅವರು ಮಜ್ಜಿಗೆ ಹಾಕಿಕೊಳ್ಳುತ್ತಾ, “ಇದೆಂತ ಹೊಸತು? ಕಾರ್ಕಳದಲ್ಲಿ ನಿನ್ನ ಅಜ್ಜನ ತೋಟಕ್ಕೆ ತ್ರೀಫೇಸ್ ಬರ್ತಿದ್ದದ್ದು ರಾತ್ರಿ ಹನ್ನೆರಡಕ್ಕೆ. ನಾನು ಟಾರ್ಚ್ ಹಿಡ್ಕೊಂಡು ಪಂಪ್ ಹಾಕ್ಲಿಕ್ಕೆ ಹೋಗ್ತಿದ್ದೆ. ಎರಡು ಸಲ ಕಾಲಡಿಯಲ್ಲೇ ಹಾವು. ನಿಮ್ಮದು ಇಂಗ್ಲಿಷ್ ಹೆಸರು, ಅಷ್ಟೆ” ಅಂದರು.

ನಗು ಬಂತು. ಆಮೇಲೆ ನಗು ನಿಂತಿತು. ಹೌದು, ಅದೂ ಡಿಮ್ಯಾಂಡ್ ರೆಸ್ಪಾನ್ಸೇ. ಪೇಟೆಯವರ ಸಂಜೆ ಸುಖವಾಗಿರಲಿ ಅಂತ ಕೃಷಿಕರ ನಿದ್ದೆಯನ್ನು ಆಚೆ ತಳ್ಳಿದ್ದು. ಕೇಳಿದವರಿಲ್ಲ, ಅದಕ್ಕೆ ಲಾಭ ಕೊಟ್ಟವರೂ ಇಲ್ಲ. ನಮ್ಮ ಮನೆಯ ಮಹಡಿಯಲ್ಲಿ ಎಸಿ ಓಡಲಿ ಅಂತ ಚಾವಡಿಯ ಫ್ಯಾನ್ ನಿಂತದ್ದೂ ಅದೇ ಕಥೆ. ಎರಡು ಕಥೆಯಲ್ಲೂ ಟಾರ್ಚ್ ಹಿಡಿದವರು, ಬೆವರಿದವರು ಒಬ್ಬರೇ, ನಮ್ಮ ಅಪ್ಪ. ತಳ್ಳುವುದು ಸುಲಭ. ಯಾರನ್ನು ತಳ್ಳುತ್ತೇವೆ ಎಂಬುದೇ ಪ್ರಶ್ನೆ. ಈಗ ಸೋಲಾರ್ ಬಂದ ಮೇಲೆ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ಕರೆಂಟ್ ಕೊಡುವ ಕಡೆಗೆ ರಾಜ್ಯ ಹೊರಳುತ್ತಿದೆ. ಬಿಸಿಲಿದ್ದಾಗ ಪಂಪ್ ಓಡುತ್ತದೆ, ಮನುಷ್ಯ ರಾತ್ರಿ ಮಲಗುತ್ತಾನೆ. ಅದು ಸರಿಯಾದ ತಳ್ಳುವಿಕೆ.

ಅದೇ ನಿಯಮವನ್ನು ಮನೆಗೂ ಹಾಕಿದೆ. ಪ್ರತಿಯೊಂದು ಸಾಮಾನಿಗೂ ಒಂದು ಪ್ರಶ್ನೆ: ನಿನಗೆ ಈಗಲೇ ಬೇಕಾ? ಫ್ಯಾನ್, ದೀಪ, ಫ್ರಿಜ್‌ಗೆ ಈಗಲೇ ಬೇಕು, ಅವುಗಳ ಸುದ್ದಿಗೆ ಯಾರೂ ಹೋಗುವಂತಿಲ್ಲ. ಪಂಪ್‌ಗೆ ಬೇಡ, ಟ್ಯಾಂಕ್ ತುಂಬಿದರೆ ಸಾಕು. ಅದಕ್ಕೆ ಟೈಮರ್ ಹಾಕಿದೆ, ಬೆಳಿಗ್ಗೆ ಹನ್ನೊಂದಕ್ಕೆ ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಬಟ್ಟೆ ಹಗಲು ಒಗೆದರೆ ಒಣಗುವುದೂ ಹಗಲೇ. ಸ್ಕೂಟರ್ ಪೂರ್ತಿ ಚಾರ್ಜ್ ಆಗಲು ಮೂರು ಯೂನಿಟ್ ಚಿಲ್ಲರೆ, ಮನೆಯಲ್ಲೇ ಇರುವ ನನಗೆ ಸಂಜೆ ಏಳಕ್ಕೇ ಸಿಕ್ಕಿಸುವ ಹಟ ಯಾಕೆ? ಮಧ್ಯಾಹ್ನಕ್ಕೆ ಬದಲಾಯಿಸಿದೆ. ಗ್ರೈಂಡರ್ ಮಾತ್ರ ಅಮ್ಮನದ್ದು. “ನನ್ನ ಹಿಟ್ಟಿಗೆ ಟೈಮ್‌ಟೇಬಲ್ ಹಾಕ್ಬೇಡ” ಅಂದರು, ಹಾಕಲಿಲ್ಲ.

ಇದರಿಂದ ಬಿಲ್ ಎಷ್ಟು ಇಳಿಯಿತು? ಒಂದು ಪೈಸೆಯೂ ಇಲ್ಲ. ನಮ್ಮ ಮೀಟರಿಗೆ ಮಧ್ಯಾಹ್ನದ ಯೂನಿಟೂ ಸಂಜೆಯ ಯೂನಿಟೂ ಒಂದೇ. ಆದರೆ ಇದು ಹೀಗೇ ಇರುವುದಿಲ್ಲ. ಕೇಂದ್ರ ಸರಕಾರ 2023ರ ಜೂನ್‌ನಲ್ಲಿ ಮಾಡಿದ ನಿಯಮದ ಪ್ರಕಾರ ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೂ ಹೊತ್ತಿನ ದರ ಬರಬೇಕು. ಬಿಸಿಲಿನ ಹೊತ್ತಿಗೆ ಕನಿಷ್ಠ ಶೇಕಡಾ 20 ಕಡಿಮೆ, ಗರಿಷ್ಠ ಬೇಡಿಕೆಯ ಹೊತ್ತಿಗೆ ಮನೆಗಳಿಗೆ ಕನಿಷ್ಠ ಶೇಕಡಾ 10 ಹೆಚ್ಚು. ಆ ದಿನ ಬಂದಾಗ ಟೈಮರ್ ಇದ್ದ ಮನೆ ಗೆಲ್ಲುತ್ತದೆ. ಟೈಮರ್ ಇಲ್ಲದ ಮನೆಯಲ್ಲಿ ಯಾರೋ ಒಬ್ಬ ಹಿರಿಯರು ಸಂಜೆ ಆರಕ್ಕೆ ಫ್ಯಾನ್ ಬಂದ್ ಮಾಡುತ್ತಾರೆ. ನನಗೆ ಹೆದರಿಕೆ ಇರುವುದು ಅದರದ್ದು.

ಸೋಲಾರ್ ಹಾಕಲಿಲ್ಲವಾ ಅಂತ ಕೇಳುತ್ತೀರಿ. ಕೋಟೇಶನ್ ತರಿಸಿದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೂ 158 ಯೂನಿಟ್‌ನ, ಅದರಲ್ಲೂ 101 ಉಚಿತವಾದ ಮನೆಗೆ ಹಾಕಿದ ದುಡ್ಡು ಹುಟ್ಟಲು ಹದಿನೈದು-ಇಪ್ಪತ್ತು ವರ್ಷ ಬೇಕು. ಸದ್ಯಕ್ಕೆ ಬಿಟ್ಟೆ. ಮಣಿಪಾಲದ ಚಿಕ್ಕಪ್ಪನ ಮನೆ ಕಥೆ ಬೇರೆ. ಎರಡು ಎಸಿ, ತಿಂಗಳಿಗೆ 350 ಯೂನಿಟ್, ಪ್ರತಿ ಸಲ ಪೂರ್ತಿ ಬಿಲ್. 3 ಕಿಲೋವಾಟ್ ಹಾಕಿಸಿದರು, ಸಬ್ಸಿಡಿ ಕಳೆದು ಕೈಯಿಂದ ಹೋದದ್ದು ಒಂದು ಲಕ್ಷದ ಇಪ್ಪತ್ತು ಸಾವಿರದ ಹತ್ತಿರ. ಬೇಸಿಗೆಯ ದಿನ 12-13 ಯೂನಿಟ್ ಬರುತ್ತದೆ. ಮಿಕ್ಕಿದ್ದು ಗ್ರಿಡ್‌ಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ. ಐದು ವರ್ಷದಲ್ಲಿ ಹುಟ್ಟುತ್ತದೆ ಎಂಬುದು ಅವರ ಲೆಕ್ಕ. ನಮ್ಮ ಕರಾವಳಿಯವರು ಎರಡು ವಿಷಯ ನೋಡಬೇಕು ಅಂದರು. ಒಂದು, ತೆಂಗಿನ ಮರದ ನೆರಳು. ಒಂದು ಮಡಲಿನ ನೆರಳು ಬಿದ್ದರೂ ಉತ್ಪಾದನೆ ತಟ್ಟನೆ ಇಳಿಯುತ್ತದೆ. ಎರಡು, ಮಳೆಗಾಲ. ಜುಲೈಯ ಜಡಿಮಳೆಯಲ್ಲಿ ಅವರದ್ದು ದಿನಕ್ಕೆ ಮೂರು ಯೂನಿಟ್ ಕೊಟ್ಟರೆ ಪುಣ್ಯ. ಅದನ್ನೂ ಸೇರಿಸಿ ವರ್ಷದ ಲೆಕ್ಕ ಹಾಕಬೇಕೇ ಹೊರತು ಮಾರುವವರು ತೋರಿಸುವ ಮಾರ್ಚ್ ತಿಂಗಳ ಲೆಕ್ಕ ಅಲ್ಲ.

ಹಾಗಾಗಿ ನನ್ನ ಸಲಹೆ ಕೇಳಿದರೆ, 200ರ ಕೆಳಗಿನ ಮನೆಗೆ ಮೊದಲು ಫ್ಯಾನ್. 300ರ ಮೇಲಿನ ಮನೆಗೆ ಫ್ಯಾನ್ ಮತ್ತು ಪ್ಯಾನೆಲ್ ಎರಡೂ. ಟೈಮರ್ ಎಲ್ಲರಿಗೂ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನ ನನ್ನ ಹಾಗೆಯೇ ಊರಿನ ಮನೆಯ ಬಿಲ್ಲನ್ನು ಫೋನ್‌ನಲ್ಲಿ ಕಟ್ಟುವವರು. ಬಿಲ್ ಕಡಿಮೆ ಬಂತು ಅಂತ ಖುಷಿಪಡುವ ಮೊದಲು ಅದು ಹೇಗೆ ಕಡಿಮೆಯಾಯಿತು ಎಂದು ಒಮ್ಮೆ ಅಮ್ಮನ ಹತ್ತಿರ ಕೇಳಿ. ಅಪ್ಪನ ಹತ್ತಿರ ಕೇಳಬೇಡಿ, ಅವರು ಹೇಳುವುದಿಲ್ಲ.

ನಿನ್ನೆ ಹನ್ನೊಂದಕ್ಕೆ ಚಹಾ ಕುಡಿಯಲು ಕೆಳಗೆ ಬಂದೆ. ಪಂಪ್ ತಾನೇ ಶುರುವಾಯಿತು. ಚಾವಡಿಯಲ್ಲಿ ಫ್ಯಾನಿನಡಿ ಕೂತಿದ್ದ ಅಪ್ಪ ಪೇಪರ್ ಮಡಚಿಟ್ಟು ಎದ್ದರು. “ಎಲ್ಲಿಗೆ?” ಅಂದೆ. “ನೀರು ಬೀಳ್ತದಾ ಅಂತ ನೋಡಿ ಬರ್ತೇನೆ. ನಿನ್ನ ಟೈಮರ್ ಅಲ್ವಾ, ನಂಬ್ಲಿಕ್ಕಾಗುದಿಲ್ಲ” ಅಂದರು. ಹೋಗುವಾಗ ಅಭ್ಯಾಸಬಲದಿಂದ ಫ್ಯಾನ್ ಸ್ವಿಚ್ಚಿನ ಕಡೆ ಕೈ ಹೋಯಿತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಕೈ ಹಿಂದೆ ತೆಗೆದುಕೊಂಡರು.